ಕೊತ್ತಗೆಡ್ಡದ ಆಮೆ ಕಾವಲುಗಾರ

ಎಂವಿಪಿ ಕಾಲೋನಿ, ವಿಶಾಖಪಟ್ಟಣ
೧೮ ಮಾರ್ಚ್ ೧೯೯೪

ಪ್ರೀತಿಯ ಅಕ್ಕನಿಗೆ ಮೂರ್ತಿಯ ನಮಸ್ಕಾರಗಳು.

ನಿನ್ನ ಎರಡು ಕಾಗದ ಬಂದರೂ ಉತ್ತರ ಬರೆಯಲಿಲ್ಲ, ಕ್ಷಮಿಸು. ಭಾವನವರ ಮೊಣಕಾಲು ನೋವು ಇಳಿದಿದೆಯೆಂದು ತಿಳಿದು ಸಮಾಧಾನವಾಯಿತು. ಇಲ್ಲಿ ಹೈಮಾವತಿ ಚೆನ್ನಾಗಿದ್ದಾಳೆ. ಪುಟ್ಟಿ, ಕನ್ನಡದಲ್ಲಿ ಏನು ಕೇಳಿದರೂ ತೆಲುಗಿನಲ್ಲೇ ಉತ್ತರ ಕೊಡುತ್ತಾಳೆ.

ಈ ಕಾಗದ ತರುವವಳು ಕೋಟೇಶ್ವರಮ್ಮ. ಅವಳ ಗಂಡ ಈಶ್ವರಯ್ಯ ಇಲ್ಲಿನ ಕಡಲದಡದ ಹಳ್ಳಿ ಕೊತ್ತಗೆಡ್ಡದ ಮೀನುಗಾರ. ಆಮೆಗಳು ಮರಳಿನಲ್ಲಿಟ್ಟ ಮೊಟ್ಟೆಗಳನ್ನು ನಾಯಿ ನರಿಗಳ ಬಾಯಿಂದ ಉಳಿಸಿ, ಬೇಲಿಯೊಳಗೆ ಹೂತು, ಮರಿಗಳನ್ನು ಸಮುದ್ರಕ್ಕೆ ಬಿಡುತ್ತಿದ್ದವನು. ಆಮೆಯ ವಿಷಯ ನನಗೆ ಕಲಿಸಿದವನೂ ಅವನೇ.

ಅವನ ಮಾತು ಕೇಳಿಯೇ ನಮ್ಮ ಕರಾವಳಿ ಕಾವಲು ಕಚೇರಿಗೆ ನಾನೊಂದು ಯೋಜನೆ ಬರೆದುಕೊಟ್ಟೆ. ಆಯುಧ ಸಾಗಿಸುವ ದೋಣಿಗಳನ್ನು ಹುಡುಕುವ ನಮ್ಮ ಗಸ್ತು, ದಡದ ಹತ್ತಿರ ಬಲೆ ಎಳೆದು ಆಮೆಗಳನ್ನು ಕೊಲ್ಲುವ ಟ್ರಾಲರ್‌ಗಳನ್ನೂ ತಡೆಯಲಿ ಎಂದು. ಸಾಹೇಬರು ಸತ್ಯಮೂರ್ತಿ ಗಾರು ಬೆನ್ನು ತಟ್ಟಿದರು. ಆಮೇಲೆ ಟ್ರಾಲರ್‌ಗಳ ಮಾತನ್ನು ಹೊಡೆದುಹಾಕಿ, ಕೊತ್ತಗೆಡ್ಡದ ದಡಕ್ಕೆ ಯಾರೂ ಕಾಲಿಡಬಾರದೆಂದು ಬೋರ್ಡು ನೆಡಿಸಿದರು. ಟ್ರಾಲರ್ ಮಾಲೀಕರಿಗೆ ದೊಡ್ಡವರ ಪರಿಚಯವಿತ್ತು. ಈಶ್ವರಯ್ಯನಿಗಿದ್ದದ್ದು ನನ್ನ ಪರಿಚಯ.

ಫೆಬ್ರವರಿಯಲ್ಲಿ ಒಂದು ದಿನ, ಬೆಳಕು ಹರಿಯುವ ಹೊತ್ತಿಗೆ, ಬುಟ್ಟಿ ಹಿಡಿದು ಮರಳು ಅಗೆಯುತ್ತಿದ್ದ ಅವನನ್ನು ನಮ್ಮವರೇ ಹಿಡಿದರು. ಕಳ್ಳಸಾಗಣೆಯವರ ಕಡೆಯವನೆಂದು ಕೇಸು. ಇನ್ನೂ ಜೈಲಿನಲ್ಲಿದ್ದಾನೆ. ಬೇಲಿಯೊಳಗಿನ ಮೊಟ್ಟೆಗಳನ್ನು ನಾಯಿಗಳು ತಿಂದವು. ಟ್ರಾಲರ್‌ಗಳು ನಿಶ್ಚಿಂತೆಯಿಂದ ಓಡಾಡುತ್ತಿವೆ; ಎದುರಾದರೆ ನಮ್ಮವರು ಕೈ ಬೀಸುತ್ತಾರೆ.

ದೇಶದ ಭದ್ರತೆಯ ಕೇಸೆಂದು ಇಲ್ಲಿನ ವಕೀಲರು ಮುಟ್ಟುತ್ತಿಲ್ಲ. ನಿಮ್ಮೂರಿನ ಬೆಂಜ್ ಸರ್ಕಲ್‌ನ ವಕೀಲಿ ಆಫೀಸಿಗೆ ಇವಳನ್ನು ಕರೆದುಕೊಂಡು ಹೋಗಿ ಭಾವನವರಿಗೆ ನೀನೇ ಹೇಳು. ಮೊದಲು ಊಟಕ್ಕೆ ಬಡಿಸು. ಬೇಡವೆನ್ನುತ್ತಾಳೆ, ಕೇಳಬೇಡ.

ಮಕ್ಕಳಿಗೆ ನನ್ನ ಆಶೀರ್ವಾದ. ನಿಮ್ಮ ಮನೆ ತಣ್ಣಗಿರಲಿ.

ನಿನ್ನ ತಮ್ಮ,
ದಕ್ಷಿಣಾಮೂರ್ತಿ

ಮತ್ತೆ: ಕೋಟೇಶ್ವರಮ್ಮನಿಗೆ ಕನ್ನಡ ಓದಲು ಬಾರದು, ಆ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಹಿಡಿದ ದಿನ ಈಶ್ವರಯ್ಯನನ್ನು ನನ್ನೆದುರಿಗೇ ತಂದು ನಿಲ್ಲಿಸಿದ್ದರು. “ಬಾಬೂ, ನಾನು ಯಾರೆಂದು ನೀವೇ ಹೇಳಿ” ಎಂದ. ಸತ್ಯಮೂರ್ತಿ ಗಾರು ನನ್ನ ಮುಖ ನೋಡಿದರು. ಬಡ್ತಿಯ ಪಟ್ಟಿಯಲ್ಲಿ ನನ್ನ ಹೆಸರಿತ್ತು. “ಇವನನ್ನು ನಾನು ನೋಡಿಯೇ ಇಲ್ಲ” ಎಂದೆ. ನಾನು ಹೀಗೆಂದದ್ದನ್ನು ಅವನು ಹೆಂಡತಿಗೂ ಹೇಳಿಲ್ಲವೆಂದು ಕಾಣುತ್ತದೆ. ಇವತ್ತು ಬಂದವಳೇ ನನ್ನ ಕಾಲಿಗೆ ನಮಸ್ಕರಿಸಿದಳು. ಭಾವ ಸಾಕ್ಷಿಗೆ ಕರೆದರೆ ಬರುತ್ತೇನೆಂದು ಬರೆಯಲು ಕೂತೆ, ಅಕ್ಕ. ಕೈ ಓಡುತ್ತಿಲ್ಲ.