ಪುಟ್ಟನ ಟ್ಯೂಬ್

ಮಾರ್ಚ್ 3, ಬೆಳಿಗ್ಗೆ 8

ಲ್ಯಾಬಿನ ಫ್ರೀಜರ್ ಮೈನಸ್ 79. ನಿನ್ನೆ 80 ಇತ್ತು. ಒಂದು ಡಿಗ್ರಿ ಯಾಕೆ ಏರಿತು? ರಿಜಿಸ್ಟರಿನಲ್ಲಿ ಬರೆದು ಬಾಗಿಲು ಎರಡು ಸಲ ಒತ್ತಿ ನೋಡಿದೆ. ಹುಡುಗಿಯರು ನಗುತ್ತಾರೆ — 'ಅಕ್ಕಾ, ಅದೇನು ಓಡಿಹೋಗುತ್ತಾ?' ನಗಲಿ. ಮೂರನೇ ರ‍್ಯಾಕಿನಲ್ಲಿ ನನ್ನ ಪುಟ್ಟನ ರಕ್ತ ಇದೆ. ಎಂಟು ತಿಂಗಳ ಮಗು. ಹೋಗಿ ಇಪ್ಪತ್ತನಾಲ್ಕು ವರ್ಷ. ಕಾಯಿಲೆ ಏನೆಂದು ಆಗ ಯಾರಿಗೂ ತಿಳಿಯಲಿಲ್ಲ. ಮುಂದೆ ಯಾವತ್ತಾದರೂ ಗೊತ್ತಾದೀತು ಎಂದು ತೆಗೆದಿಟ್ಟರು. ಅಟೆಂಡರ್ ಕೆಲಸ ಕೇಳಿಕೊಂಡು ಇಲ್ಲಿಗೇ ಬಂದದ್ದು ಅದಕ್ಕೇ… ಲ್ಯಾಬಿನಲ್ಲಿ ಯಾರಿಗೂ ಹೇಳಿಲ್ಲ.

ಮಾರ್ಚ್ 5

ಮಗಳು ಬಂದಿದ್ದಳು. ಅವಳಿಗೀಗ ಮೂರು ತಿಂಗಳ ಬಸಿರು. 'ಅಣ್ಣನಿಗೆ ಆಗಿದ್ದೇ ನನ್ನ ಮಗೂಗೂ ಆದ್ರೆ?' ಅಂದಳು. ಲ್ಯಾಬಿನ ಡಾಕ್ಟರಮ್ಮನನ್ನು ಕೇಳಿದೆವು. ಹೊಸ ಮಷೀನ್ ಡಿಎನ್ಎ ಪೂರ್ತಿ ಓದುತ್ತದಂತೆ, ಅಕ್ಷರ ಅಕ್ಷರ, ವಾರದೊಳಗೆ. ಆದರೆ ಪುಟ್ಟನ ರಕ್ತ ಉಳಿದಿರುವುದು ಎರಡೇ ಹನಿ. ಅಷ್ಟೂ ಬೇಕು. ಆಮೇಲೆ ಟ್ಯೂಬ್ ಖಾಲಿ. ನಾನು ಸೈನ್ ಹಾಕಬೇಕು.

'ನೋಡೋಣ' ಅಂದುಬಿಟ್ಟೆ. ಎಂಥ ತಾಯಿ ನಾನು.

ಮಾರ್ಚ್ 6

ನಿನ್ನ ಕಡೆಯ ರಕ್ತವೇ ಸರಿಯಿಲ್ಲ — ಅತ್ತೆ ಸಾಯುವ ತನಕ ಅಂದರು. ಮಷೀನೂ ಅದನ್ನೇ ಅಂದರೆ? ಮಗನನ್ನು ಕೊಂದದ್ದೂ ನಾನೇ, ಮಗಳಿಗೆ ದಾಟಿಸಿದ್ದೂ ನಾನೇ. ಟೆಸ್ಟಿನ ವಿಷಯ ಇವರಿಗೆ ಹೇಳಿದೆ. ಎದ್ದು ಹೊರಗೆ ಹೋದರು. ಪುಟ್ಟನ ಮಾತೆತ್ತಿದರೆ ಯಾವಾಗಲೂ ಹೀಗೇ. ಇವರ ಮನಸ್ಸಿನಲ್ಲೂ ಅದೇ ಇದೆ.

ಮಾರ್ಚ್ 17

ಮಗಳು ಫೋನ್ ಮಾಡುವುದನ್ನೇ ಬಿಟ್ಟಿದ್ದಳು. ಇವತ್ತು ಲ್ಯಾಬಿಗೇ ಬಂದಳು. 'ಇಲ್ಲದವನನ್ನ ಕಾಯ್ತಾ ಕೂತಿದೀಯ. ಇರೋಳು ಎದುರಿಗೇ ನಿಂತಿದೀನಿ ಕಣಮ್ಮಾ.'

ಸೈನ್ ಹಾಕಿದೆ. ಅಕ್ಷರ ಗೆರೆ ದಾಟಿತು. ಟ್ಯೂಬ್ ನಾನೇ ತೆಗೆದುಕೊಟ್ಟೆ. ಇವರನ್ನೂ ಕರೆಸಿ ನಮ್ಮ ಮೂವರ ರಕ್ತವನ್ನೂ ತೆಗೆದುಕೊಂಡರು.

ಮಾರ್ಚ್ 18, ಬೆಳಿಗ್ಗೆ 8

ಮೈನಸ್ 80. ಮೂರನೇ ರ‍್ಯಾಕಿನಲ್ಲಿ ಒಂದು ತೂತು ಖಾಲಿ.

ಮಾರ್ಚ್ 25, ಸಂಜೆ

ರಿಪೋರ್ಟ್ ಬಂತು. ಕಾಯಿಲೆಯ ಹೆಸರು ಎರಡು ಸಲ ಹೇಳಿಸಿಕೊಂಡೆ, ಬಾಯಿಗೆ ಬರಲಿಲ್ಲ. 'ಒಂದೇ ಒಂದು ಅಕ್ಷರ ಬದಲಾಗಿದೆ. ನಿಮ್ಮಲ್ಲಿಲ್ಲ, ಅವರಲ್ಲಿಲ್ಲ, ಮಗಳಲ್ಲೂ ಇಲ್ಲ. ಆ ಮಗುವಿನಲ್ಲೇ ಹೊಸದಾಗಿ ಆದದ್ದು' ಅಂದರು ಡಾಕ್ಟರಮ್ಮ. ಮಗಳು ಅತ್ತಳು, ನಕ್ಕಳು. ನಾನು ರಿಪೋರ್ಟನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. 'ಖುಷಿಗೂ ಗಾಬರಿನೇ ನಿಂಗೆ!' ಅಂದಳು.

ಮನೆಗೆ ಬಂದು ಇವರಿಗೆ ಹೇಳಿದೆ. ಶರ್ಟ್ ಇಸ್ತ್ರಿ ಮಾಡುತ್ತಿದ್ದರು. ಪೆಟ್ಟಿಗೆ ಎತ್ತಿಟ್ಟರು.

'ನನ್ನ ಕಡೆಯಿಂದಾನೂ ಅಲ್ವಾ? ಸರಿಯಾಗಿ ಕೇಳಿದ್ಯಾ?'

'ಅಲ್ಲ ಅಂದ್ರು.'

'ಇನ್ನೊಂದ್ಸಲ ಹೇಳು.'

ಹೇಳಿದೆ. ನೆಲದ ಮೇಲೇ ಕೂತುಬಿಟ್ಟರು. ಇವರೂ… ಇಷ್ಟು ವರ್ಷ, ಒಂದೇ ಮನೆಯಲ್ಲಿ —

ಒಳಗಿಂದ ಕರೆಯುತ್ತಿದ್ದಾರೆ. ಪುಟ್ಟನಿಗೆ ಎಷ್ಟು ಹಲ್ಲು ಬಂದಿತ್ತು ಅಂತ ಕೇಳುತ್ತಿದ್ದಾರೆ. ಎರಡು ಇರಬೇಕು ಅಲ್ವಾ, ಅಂತಾರೆ. ಎರಡಲ್ಲ, ಮೂರು. ಮೂರನೆಯದು ಆಗತಾನೇ ಮೊಳೆಯುತ್ತಿತ್ತು —