‘ಹೋಗ್ಲಿ ಬಿಡು’ ಅನ್ನಬೇಡ, ಅಕ್ಕಾ

ಪೇರ್ಲ್ಯಾಂಡ್, ಟೆಕ್ಸಸ್
ಬುಧವಾರ, 12 ನವೆಂಬರ್ 2025

ಪ್ರೀತಿಯ ಅಕ್ಕಾ,

ನಿನ್ನ ಕುಮ್ಮಿಯ ನಮಸ್ಕಾರ. ಮಂಡಿನೋವು ಹೇಗಿದೆ? ಮಧ್ವೇಶ ತಂದುಕೊಟ್ಟ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಅದನ್ನೂ ಕಿಟಕಿಯಲ್ಲಿಟ್ಟು ‘ನಾಳೆ ನೋಡೋಣ’ ಅನ್ನುತ್ತಿದ್ದೀಯೋ? ಕಣ್ಣಿನ ಪೊರೆ ತೆಗೆಸಿಕೋ ಎಂದು ಎರಡು ವರ್ಷದಿಂದ ಬಡಿದುಕೊಳ್ಳುತ್ತಿದ್ದೇನೆ, ಕೇಳಿದರೆ ತಾನೆ? ನಿನ್ನ ಹಠದಿಂದ ಈಗ ಈ ಕಾಗದವನ್ನು ನಿನ್ನ ಮಗ ಓದಿ ಹೇಳಬೇಕಾಗಿದೆ. ಮಧ್ವೇಶ, ಚಿಕ್ಕಮ್ಮನ ಅಕ್ಷರ ಕೋಳಿ ಕೆದಕಿದ ಹಾಗಿದೆ ಎಂದು ನಗಬೇಡ ಮರಿ. ಗಟ್ಟಿಯಾಗಿ ಓದು, ಒಂದು ಸಾಲನ್ನೂ ಹಾರಿಸಬೇಡ.

ವಾರಕ್ಕೊಮ್ಮೆ ಫೋನ್ ಮಾಡುವವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ನೀನು ಕೇಳುತ್ತೀ. ಫೋನಿನಲ್ಲಿ ನೀನು ನನಗೆ ಮಾತು ಮುಗಿಸಲು ಬಿಡುವುದಿಲ್ಲವಲ್ಲ, ಅದಕ್ಕೆ. ನಾನು ಗಂಟಲು ಸರಿಮಾಡಿಕೊಳ್ಳುವುದರೊಳಗೆ ‘ಹೋಗ್ಲಿ ಬಿಡು ಕುಮ್ಮಿ, ಊಟ ಆಯ್ತಾ?’ ಅನ್ನುತ್ತೀ. ನಮ್ಮ ಮನೆಯಲ್ಲಿ ಎಲ್ಲದಕ್ಕೂ ಅದೊಂದೇ ಮದ್ದು. ಅಪ್ಪ ಬೈದರೂ ಹೋಗ್ಲಿ ಬಿಡು, ಹಾಲು ಉಕ್ಕಿದರೂ ಹೋಗ್ಲಿ ಬಿಡು. ನಮ್ಮ ಹಳೆಯ ವಠಾರದ ಮಹಾಂತಪ್ಪನವರೊಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ನೀನು ಆ ಮಾತು ಅಂದಿದ್ದೀ. ಕಾಗದದ ಬಾಯಿ ಮುಚ್ಚಿಸಲು ನಿನ್ನಿಂದ ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ನಮ್ಮವರು ಮೋಹನರಾಜ ತೀರಿಕೊಂಡು ಮೂರು ವರ್ಷವಾಯಿತು, ಅವರ ವಾಕಿಂಗ್ ಶೂ ಇನ್ನೂ ಗ್ಯಾರೇಜಿನ ಬಾಗಿಲಲ್ಲೇ ಇವೆ. ಇಶಾ ಪ್ರಾಸ್ಪರ್‌ನಲ್ಲಿ ಹೊಸ ಮನೆ ಕಟ್ಟಿಸಿದ್ದಾಳೆ, ನನಗೆಂದು ಕೆಳಗೊಂದು ಕೋಣೆಯನ್ನೂ ಮಾಡಿಸಿದ್ದಾಳೆ. ‘ಅಮ್ಮ, ಶಿಫ್ಟ್ ಆಗ್ಬಿಡು’ ಎಂದು ಪ್ರತಿ ಸಲ ಕರೆಯುತ್ತಾಳೆ. ಐದು ಗಂಟೆ ಡ್ರೈವ್ ಮಾಡಿ ಹೋಗುತ್ತೇನೆ. ಅಲ್ಲಿ ಬೆಳಗ್ಗೆ ಎಲ್ಲರೂ ಕೆಲಸಕ್ಕೆ, ಸ್ಕೂಲಿಗೆ ಹೊರಟರೆ ಮತ್ತೆ ನಾನೊಬ್ಬಳೇ, ಅದೂ ಬೇರೆಯವರ ಮನೆಯಲ್ಲಿ. ಮೊಮ್ಮಗಳನ್ನು ಕನ್ನಡದಲ್ಲಿ ಏನು ಕೇಳಿದರೂ ‘ಐ ಆಮ್ ಗುಡ್, ಅಜ್ಜಿ’ ಅನ್ನುತ್ತದೆ, ಅಲ್ಲಿಗೆ ಮಾತು ಮುಗಿಯಿತು. ಇಲ್ಲಿ ಫೋನ್ ಬಡಿದುಕೊಂಡರೆ ಬಹುಪಾಲು ಔಷಧಿ ಅಂಗಡಿಯ ರೆಕಾರ್ಡಿಂಗು. ಅದಕ್ಕೂ ನಾನು ‘ಹೇಳಿ, ಹೇಳಿ’ ಅನ್ನುತ್ತೇನೆ. ಒಂಟಿತನ ಅಭ್ಯಾಸವಾಗುತ್ತದೆ ಎನ್ನುವವರ ಬಾಯಿಗೆ ಮಣ್ಣು ಹಾಕ. ನನಗಂತೂ ಆಗಿಲ್ಲ.

ಶನಿವಾರ ಮಾತ್ರ ಮೀನಾಕ್ಷಿ ದೇವಸ್ಥಾನಕ್ಕೆ ಹೋಗುತ್ತೇನೆ. ಅಲ್ಲಿ ಊಟದ ಹಾಲಿನಲ್ಲಿ ನನ್ನ ಎದುರಿಗೆ ಕೂರುವವರು ಗೋವೆಂಡರ್ ಆಂಟಿ. ಹುಟ್ಟಿ ಬೆಳೆದದ್ದು ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ. ಮುತ್ತಜ್ಜನ ಕಾಲಕ್ಕೇ ಕಬ್ಬಿನ ತೋಟಕ್ಕೆ ಕೂಲಿಗೆ ಹೋದ ತಮಿಳರು. ಮಗಳು ಇಲ್ಲಿ ಮೆಡಿಕಲ್ ಸೆಂಟರ್‌ನಲ್ಲಿ ಡಾಕ್ಟರು. ವಯಸ್ಸಿನಲ್ಲಿ ನನಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವರು, ಆದರೂ ನನ್ನನ್ನು ‘ಅಕ್ಕ’ ಅನ್ನುತ್ತಾರೆ. ಅವರಿಗೆ ಬರುವ ತಮಿಳೇ ಅಷ್ಟು, ಇಡ್ಲಿ, ವಡೆ, ಅಕ್ಕ. ನಿನ್ನನ್ನು ಕರೆಯುವ ಪದದಿಂದ ನನ್ನನ್ನು ಯಾರಾದರೂ ಕರೆದರೆ ನನಗೆ ಏನೋ ಕಸಿವಿಸಿ.

ದೀಪಾವಳಿಯಾದ ಮೇಲಿನ ಶನಿವಾರ ಅವರು ತಮ್ಮ ತಮ್ಮನ ಕಥೆ ಹೇಳಿದರು. ಬಿಳಿಯರ ಸರ್ಕಾರ ಇದ್ದಾಗ ಅದರ ವಿರುದ್ಧ ಓಡಾಡುತ್ತಿದ್ದ ಹುಡುಗ. ಇಪ್ಪತ್ತನಾಲ್ಕು ವರ್ಷ. ಒಂದು ದಿನ ಬ್ರೆಡ್ ತರಲು ಹೋದವನು ಬರಲೇ ಇಲ್ಲ. ಒಂಬತ್ತು ವರ್ಷ ಅವನ ಸುದ್ದಿಯಿಲ್ಲ. ಆ ಸರ್ಕಾರ ಹೋಗಿ ಹೊಸದು ಬಂದ ಮೇಲೆ ಅಲ್ಲಿ ಒಂದು ಆಯೋಗ ಮಾಡಿದರಂತೆ. ರಾಜಕೀಯಕ್ಕಾಗಿ ಅಪರಾಧ ಮಾಡಿದವರು ಅದರ ಮುಂದೆ ಬಂದು ಮಾಡಿದ್ದೆಲ್ಲವನ್ನೂ ಚೂರೂ ಮುಚ್ಚಿಡದೆ ಹೇಳಬೇಕು. ಹೇಳಿದರೆ ಶಿಕ್ಷೆಯಿಲ್ಲ. ತಪ್ಪಾಯಿತು ಎನ್ನಬೇಕೆಂಬ ನಿಯಮ ಕೂಡ ಇಲ್ಲ! ಸ್ವಂತ ಹಗೆಯಿಂದ ಮಾಡಿದ್ದಕ್ಕೆ ಮಾತ್ರ ಮಾಫಿ ಸಿಗುವುದಿಲ್ಲ. ಒಬ್ಬ ಪೊಲೀಸಿನವನು ಎದ್ದು ನಿಂತು ಹೇಳಿದನಂತೆ, ಯಾವ ತೋಟ, ಗುಂಡಿ ಯಾರು ತೋಡಿದರು, ಎಲ್ಲ. ಅಗೆದರೆ ಮೂಳೆ ಸಿಕ್ಕವು, ಬೆಲ್ಟಿನ ಬಕಲ್ ಸಿಕ್ಕಿತು. ಹೇಳಿದವನು ಮನೆಗೆ ಹೋದ.

ನಮ್ಮ ಪತ್ರಿಕೆಗಳಲ್ಲಿ ಇದನ್ನೇ ಕ್ಷಮಾದಾನ ಎಂದು ಬರೆಯುತ್ತಾರೆ. ನನ್ನ ತಲೆಯಲ್ಲಿ ಆ ಪದವೇ ಕೂತಿತ್ತು. ಅದಕ್ಕೆ ಅವರ ಕೈ ಹಿಡಿದು, ಅವನನ್ನು ಕ್ಷಮಿಸಿದಿರಲ್ಲ, ಎಂಥ ದೊಡ್ಡ ಮನಸ್ಸು ನಿಮ್ಮದು ಎಂದುಬಿಟ್ಟೆ. ಅಯ್ಯೋ, ಆ ಮುದುಕಿ ನನ್ನ ಕೈ ಕೊಡವಿದ ರೀತಿ! ‘ನಾನು ಕ್ಷಮಿಸಿದೆ ಅಂತ ಯಾರು ಹೇಳಿದ್ದು? ಬಿಟ್ಟದ್ದು ಸರ್ಕಾರ. ನಾನು ಬೇಡ ಅಂದೆ, ಆದರೂ ಬಿಟ್ಟರು.’ ಪಕ್ಕದ ಮೇಜಿನವರೆಲ್ಲ ತಿರುಗಿ ನೋಡಿದರು. ನಾನು ನಾಚಿಕೆಯಿಂದ ತಟ್ಟೆಯ ಮೊಸರನ್ನ ಕಲಸುತ್ತ ಕೂತೆ. ಆಮೇಲೆ ಅವರೇ ಸಮಾಧಾನವಾಗಿ ಇನ್ನೊಂದು ಮಾತು ಹೇಳಿದರು. ಆ ಒಂಬತ್ತು ವರ್ಷ ಅವರ ಅಮ್ಮ, ಹುಡುಗನನ್ನು ಹಿಡಿದುಕೊಟ್ಟವನು ಪಕ್ಕದ ಮನೆಯ ದರ್ಜಿ ಎಂದು ನಂಬಿದ್ದರಂತೆ. ಅವನು ಬೀದಿಗೆ ಬಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಪೊಲೀಸಿನವನು ಬಾಯಿಬಿಟ್ಟ ದಿನ ಗೊತ್ತಾಯಿತು, ದರ್ಜಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಅಷ್ಟು ಹೊತ್ತಿಗೆ ದರ್ಜಿ ಸತ್ತು ಎರಡು ವರ್ಷವಾಗಿತ್ತು. ‘ಅಕ್ಕ, ನಮ್ಮಮ್ಮ ಅತ್ತದ್ದು ಆಗ’ ಎಂದರು.

ಮನೆಗೆ ಬರುವಾಗ ಕಾರು ನಡೆಸಲಾಗದೆ ದಾರಿಯ ಬದಿಗೆ ನಿಲ್ಲಿಸಿಕೊಂಡಿದ್ದೆ. ನನಗೆ ನಮ್ಮ ವಠಾರ ಕಣ್ಣಿಗೆ ಕಟ್ಟಿತ್ತು. ಎಪ್ಪತ್ತಾರನೆಯ ಇಸವಿ, ಎಮರ್ಜೆನ್ಸಿ. ಭಾವ ಸರ್ಕಾರದ ವಿರುದ್ಧ ಕರಪತ್ರ ಅಚ್ಚು ಹಾಕಿಸಿ ಮರ ಮಾರುವ ಅಡ್ಡೆಯ ಹಿಂದಿನ ಕೋಣೆಯಲ್ಲಿ ತಲೆಮರೆಸಿಕೊಂಡಿದ್ದದ್ದು, ಬಸುರಿಯಾಗಿದ್ದ ನೀನು ಅಮ್ಮನ ಮನೆಗೆ ಬಂದು ದಿನಾ ಮಧ್ಯಾಹ್ನ ಕ್ಯಾರಿಯರ್ ಕಟ್ಟುತ್ತಿದ್ದದ್ದು, ಕೊನೆಯ ಕೋಣೆಯ ಮಹಾಂತಪ್ಪನವರು ಅದನ್ನು ಸೈಕಲ್ಲಿಗೆ ನೇತುಹಾಕಿಕೊಂಡು ಭಾವನಿಗೆ ಮುಟ್ಟಿಸುತ್ತಿದ್ದದ್ದು. ಧಾರವಾಡದ ಕಡೆಯಿಂದ ಬಂದು ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದ ಮನುಷ್ಯ, ನಮಗೆ ಏನೂ ಆಗಬೇಕಾದವರಲ್ಲ. ಅವರ ಬೆನ್ನ ಹಿಂದೆಯೇ ಪೊಲೀಸರು ಬಂದು ಭಾವನನ್ನು ಹಿಡಿದರು. ಅಂದು ಸಂಜೆ ನೀನು ಖಾಲಿ ಕ್ಯಾರಿಯರ್ ಅನ್ನು ಅಂಗಳಕ್ಕೆ ಎಸೆದು, ‘ಮನೆಮುರುಕ’ ಎಂದು ಇಡೀ ವಠಾರಕ್ಕೆ ಕೇಳುವಂತೆ ಕೂಗಿದೆ. ಅವರು ಕೈ ಮುಗಿದು ‘ನಾ ಹೇಳಿಲ್ರೀ ಅಕ್ಕಾರ, ನಮ್ಮವ್ವನಾಣಿ’ ಎಂದರು. ಯಾರೂ ನಂಬಲಿಲ್ಲ. ತಿಂಗಳೊಳಗೆ ಕೋಣೆ ಖಾಲಿ ಮಾಡಿಕೊಂಡು ಹೋದರು. ಭಾವ ಜೈಲಿನಿಂದ ಬಂದಾಗ ಎಡಗಿವಿ ಹೋಗಿತ್ತು. ಹುಡುಗರು ಕೇಳಿದ ಪ್ರಶ್ನೆ ಕೇಳಿಸದೆ ಕಾಲೇಜಿನ ಕೆಲಸ ಬಿಟ್ಟರು. ಸಾಯುವ ತನಕ ಬಲಗಡೆ ಬಂದು ಮಾತಾಡಿ ಎನ್ನುತ್ತಿದ್ದರು.

ಹೋದ ವಾರ ನೀನು ಫೋನಿನಲ್ಲಿ ಹೇಳಿದೆಯಲ್ಲ, ಮಹಾಂತಪ್ಪನವರು ಮೈಸೂರಿಗೆ ಬಂದಿದ್ದರು, ಸಾಯುವ ಮುಂಚೆ ಒಮ್ಮೆ ನಿನ್ನ ಮುಖ ನೋಡಬೇಕೆಂದು ಗೇಟಿನ ಹೊರಗೆ ನಿಂತಿದ್ದರು, ತೆಗೆಯಬೇಡ ಎಂದು ನೀನು ಮಗನಿಗೆ ಹೇಳಿದೆ ಅಂತ. ಮಧ್ವೇಶ ಅವರಿಗೆ ಅದನ್ನು ಎರಡು ಮೂರು ಸಲ ಕೂಗಿ ಹೇಳಬೇಕಾಯಿತಂತೆ. ಕಾರ್ತಿಕ ಕಳೆದ ಮೇಲೆ ಮತ್ತೆ ಬರುತ್ತೇನೆ ಎಂದು ಹೋದರಂತೆ. ಎಂಬತ್ತೈದು ದಾಟಿದವರು, ಅಕ್ಕಾ. ಅವರು ಬಂದರೆ ಗೇಟು ತೆಗೆ. ಈ ಕಾಗದದ ಉದ್ದೇಶ ಅದೇ.

ಇಲ್ಲಿಯ ಪರಿಚಯದ ಜಯದೇವಿ ಆಂಟಿ ಶುಕ್ರವಾರ ಊರಿಗೆ ಹೊರಟಿದ್ದಾರೆ, ಈಗ ಕವರ್ ತೆಗೆದುಕೊಂಡು ಹೋಗಲು ಬರುತ್ತಾರೆ. ‘ಬರೀ ಕಾಗದ ಏನ್ರಿ, ಚಾಕ್ಲೇಟ್ ಕೊಡ್ರಿ’ ಎಂದಿದ್ದಾರೆ, ಅದನ್ನೂ ಇಟ್ಟಿದ್ದೇನೆ, ನೀನು ತಿನ್ನಬೇಡ, ಸಕ್ಕರೆ ಕಾಯಿಲೆ. ಮಧ್ವೇಶನಿಗೂ ಅವನ ಹೆಂಡತಿ ಪ್ರಗತಿಗೂ ಆಶೀರ್ವಾದ. ಭಾವನ ಫೋಟೋದ ಮುಂದೆ ನನ್ನ ಹೆಸರಿನಲ್ಲಿ ಒಂದು ಹೂವಿಡು. ಇಲ್ಲ, ಕೊನೆಯ ತನಕ ಓದಿದ ಮೇಲೆ ಇಡಬೇಕೆನಿಸಿದರೆ ಇಡು.

ನಿನ್ನ ತಂಗಿ,
ಕುಮುದಾ

ಮರೆತಿದ್ದೆ. ಮರೆತಿಲ್ಲ, ಇಷ್ಟು ಹೊತ್ತು ಧೈರ್ಯ ಬರಲಿಲ್ಲ. ಹೊರಗೆ ಜಯದೇವಿ ಆಂಟಿಯ ಕಾರಿನ ಹಾರ್ನ್ ಕೇಳುತ್ತಿದೆ. ಹೇಳಿದವಳು ನಾನು, ಅಕ್ಕಾ. ಆಗ ನನಗೆ ಹದಿನೇಳು. ಮನೆಯ ಮೇಲೆ ಪೊಲೀಸರ ಕಣ್ಣಿದೆ ಎಂದು ಅಪ್ಪ ನನ್ನ ಕಾಲೇಜು ಬಿಡಿಸಿ ಮೂರು ತಿಂಗಳಾಗಿತ್ತು. ಮನೆಯಲ್ಲಿ ಎಲ್ಲರೂ ಭಾವನ ವಿಷಯ, ನಿನ್ನ ವಿಷಯ ಮಾತಾಡುತ್ತಿದ್ದರು, ನನ್ನನ್ನು ಕೇಳಿದವರಿಲ್ಲ. ನಲ್ಲಿಯ ಹತ್ತಿರ ಒಬ್ಬ ಮಫ್ತಿಯವನು ‘ಏನಮ್ಮಾ, ಕಾಲೇಜಿಗೆ ಹೋಗ್ತಿಲ್ವಾ?’ ಅಂದ. ಪೊಲೀಸು ಎಂದು ನನಗೆ ಗೊತ್ತಿತ್ತು. ‘ಮಧ್ಯಾಹ್ನದ ಕ್ಯಾರಿಯರ್ ಹಿಂದೆ ಹೋಗಿ’ ಎಂದೆ. ಅಷ್ಟೇ ಹೇಳಿದ್ದು. ಯಾರೂ ಹೊಡೆಯಲಿಲ್ಲ, ಹೆದರಿಸಲಿಲ್ಲ. ನಿನ್ನ ಮೇಲಿನ ಸಿಟ್ಟಿಗೆ ಹೇಳಿದೆ. ರಾಜಕೀಯ ಏನೂ ಇರಲಿಲ್ಲ, ಆದ್ದರಿಂದ ಆ ಆಯೋಗದ ಲೆಕ್ಕದಲ್ಲೂ ನನಗೆ ಮಾಫಿ ಇಲ್ಲ. ನೀನು ಕ್ಯಾರಿಯರ್ ಎಸೆದಾಗ ನಾನು ಬಾಗಿಲ ಹಿಂದೆಯೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಕ್ಷಮಿಸು ಎಂದು ಬರೆಯುತ್ತಿಲ್ಲ. ದಯವಿಟ್ಟು ಹೋಗ್ಲಿ ಬಿಡು ಅನ್ನಬೇಡ. ಮಹಾಂತಪ್ಪನವರು ಬಂದಾಗ ಒಳಗೆ ಕರೆದು, ಕುರ್ಚಿ ಹಾಕಿ ಕೂರಿಸಿ, ಈ ಸಾಲುಗಳನ್ನು ಅವರ ಮುಂದೆ ಮಧ್ವೇಶನ ಕೈಲಿ ಇನ್ನೊಮ್ಮೆ ಓದಿಸು. ಗಟ್ಟಿಯಾಗಿ ಓದಲಿ, ಅವರಿಗೂ ಈಗ ಕಿವಿ ಮಂದ.