ಸೀರಿಯಲ್ಲಿನ ಹೆಣ

ಅಪ್ಪಾ,

ನೀನು ಅರ್ಧಕ್ಕೆ ಬಿಟ್ಟುಹೋದ ಕೊಲೆ ಸೀರಿಯಲ್ಲಿನ ಕೊನೆಯ ಕಂತು ಇವತ್ತು ಸಂಜೆ ಬಂತು. ಕೊಂದವನು ಭಾವಮೈದುನ. ನೀನು ಡ್ರೈವರ್ ಅಂದಿದ್ದೆ. ಒಂದು ಸಲವಾದರೂ ಸರಿಯಾಗಿ ಹೇಳಿದವನಲ್ಲ ಬಿಡು. ನೀನು ನೋಡುತ್ತಿದ್ದದ್ದು ಕೊಲೆಗಾರನನ್ನಲ್ಲ, ಹೆಣವನ್ನು.

ಮೂವತ್ತು ವರ್ಷ ಶವಾಗಾರದಲ್ಲಿ ದುಡಿದವನು ನೀನು. ಸೋಫಾದ ಮೇಲೆ ಕೂತರೂ ಡ್ಯೂಟಿ ತಪ್ಪುತ್ತಿರಲಿಲ್ಲ. "ಅಷ್ಟು ಜನ ಪೊಲೀಸರು ನಿಂತಿದ್ದಾರೆ, ಒಬ್ಬನಾದ್ರೂ ಆ ಹುಡುಗಿ ರೆಪ್ಪೆ ಮುಚ್ಚಬಾರದಾ?" ಅನ್ನುತ್ತಿದ್ದೆ.

"ಅವಳು ಸಂಬಳ ತಗೊಂಡು ಮಲಗಿದ್ದಾಳೆ ಅಪ್ಪಾ, ಕಥೆ ನೋಡೋಕೆ ಬಿಡು" ಎಂದು ನಾನು ರೇಗುತ್ತಿದ್ದೆ.

ಬರುಬರುತ್ತಾ ನೀನು ಬಾಯಿಬಿಟ್ಟು ಹೇಳುವುದನ್ನು ನಿಲ್ಲಿಸಿದೆ. ಎರಡು ಬೆರಳು ಮಾತ್ರ ತೊಡೆಯ ಮೇಲೆ ಮೆಲ್ಲಗೆ ಕೆಳಕ್ಕೆ ಜಾರುತ್ತಿದ್ದವು, ರೆಪ್ಪೆ ಇಳಿಸುವ ಹಾಗೆ.

ಇವತ್ತು ಇನ್ಸ್‌ಪೆಕ್ಟರ್ ಕೊಲೆಯ ಗುಟ್ಟನ್ನು ಬಿಡಿಸಿ ಬಿಡಿಸಿ ಹೇಳಿದ. ಅವನ ಕಾಲಬುಡದಲ್ಲೇ ಹೆಣ ಕಣ್ಣು ಬಿಟ್ಟುಕೊಂಡು ಸೂರು ನೋಡುತ್ತಿತ್ತು. ನಿನ್ನ ಮೊಮ್ಮಗಳು ನನ್ನ ಕೈಯನ್ನೇ ನೋಡುತ್ತಾ, "ಅಮ್ಮ, ನೀನೂ ಅಜ್ಜನ ಥರ ಮಾಡ್ತೀಯಲ್ಲ" ಅಂದಳು. ಬೆರಳು ಮಡಚಿಕೊಂಡೆ.

ನೀನು ಹೋದ ದಿನ, ಬೇಗ ಬನ್ನಿ ಎಂದು ಆಸ್ಪತ್ರೆಯಿಂದ ಫೋನ್ ಬಂದಾಗ, ಆ ದಿನದ ಕಂತು ಮುಗಿಯಲು ಹತ್ತು ನಿಮಿಷ ಬಾಕಿಯಿತ್ತು. ಮುಗಿಸಿಕೊಂಡೇ ಹೊರಟೆ.

ನಾನು ಬಂದಾಗ ನಿನ್ನ ರೆಪ್ಪೆಗಳನ್ನು ಯಾರೋ ಇಳಿಸಿದ್ದರು, ನೀನೇ ಮಾಡಿದಷ್ಟು ಅಚ್ಚುಕಟ್ಟಾಗಿ. ವಾರ್ಡಿನಲ್ಲಿ ನರ್ಸ್ ಇದ್ದಳು, ಆಯಾ ಇದ್ದಳು, ಪಕ್ಕದ ಮಂಚದ ಮುದುಕರಿದ್ದರು.

ಯಾರು ಎಂದು ನಾನು ಕೇಳಲಿಲ್ಲ.